ಬೆನ್ನ ಮೇಲಿನ ದೀಪ

ಅವರ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದ. ಉಳಿದ ಉಗುರುಗಳನ್ನೆಲ್ಲ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಬೆಳೆಸಿ, ತುದಿಯನ್ನು ಅರದಿಂದ ತಿಕ್ಕಿ ಓರೆ ಮಾಡಿ ಇಟ್ಟುಕೊಂಡಿದ್ದರು. ಹಳದಿ ಉಗುರು, ಮಧ್ಯದಲ್ಲಿ ಒಂದು ಕರಿ ಗೆರೆ. ವೈರಿನ ಪ್ಲಾಸ್ಟಿಕ್ ಸುಲಿಯುವುದು ಅದರಿಂದ, ರಿಮೋಟಿನ ಬೆನ್ನು ಬಿಚ್ಚುವುದು ಅದರಿಂದ, ಸೆಲ್ಲಿನ ತುಕ್ಕು ಕೆರೆಯುವುದು ಅದರಿಂದ, ಊಟವಾದ ಮೇಲೆ ಹಲ್ಲಿನ ಸಂದಿಗೂ ಅದೇ. ಎದುರಿಗೆ ನಿಂತವರು ದಡ್ಡತನದ ಮಾತಾಡುತ್ತಿದ್ದಾರೆ ಅನ್ನಿಸಿದರೆ ಅದೇ ಉಗುರಿನಿಂದ ಕೌಂಟರಿನ ಹಲಗೆಯ ಮೇಲೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ನಾನು ಹೋದಾಗಲೆಲ್ಲ ಕುಟ್ಟುತ್ತಿದ್ದರು.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಲಾಡ್ಜಿನ ಮೆಟ್ಟಿಲ ಕೆಳಗಿನ ಜಾಗವೇ ಅವರ ಅಂಗಡಿ. ಒಬ್ಬರು ಕೂರಬಹುದು, ಒಬ್ಬರು ನಿಲ್ಲಬಹುದು. ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿಯಿಂದ ಶುರು ಮಾಡಿದವರು ಕಾಲ ಬದಲಾದಂತೆ ಮಿಕ್ಸರು, ರಿಮೋಟು, ಎಮರ್ಜೆನ್ಸಿ ಲೈಟು, ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ಟು ಎಂದು ಬದಲಾಗುತ್ತ ಬಂದಿದ್ದರು. ಸಣ್ಣ ಬಲ್ಬು, ಸ್ವಿಚ್ಚು, ಸೆಲ್ಲಿನ ಡಬ್ಬಿ, ಹೀಗೆ ಬಿಡಿ ಸಾಮಾನು ಬೇಕಾದವರಿಗೆ ಅವರ ಅಂಗಡಿಯೇ ಗತಿ. ಊರೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಇನ್ನೂ ಏನೇನೋ ಅಂದುಕೊಳ್ಳುತ್ತಿದ್ದೆ, ಅದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ.

ಅವರಿಂದ ಒಂದು ಸಾಮಾನು ಕೊಳ್ಳುವುದೆಂದರೆ ತಾಳ್ಮೆಯ ಪರೀಕ್ಷೆ. ಬೇರೆ ಅಂಗಡಿಯವರು ಕೇಳಿದ್ದನ್ನು ಕೊಟ್ಟು ಕಳಿಸುತ್ತಾರೆ. ಇವರು ಮೊದಲು ವಿಚಾರಣೆ ಮಾಡುವವರು. ಯಾಕೆ ಬೇಕು, ಯಾರಿಗೆ, ಎಲ್ಲಿ ಹಚ್ಚುತ್ತಿ, ಮಳೆಗೆ ನೆನೆಯುತ್ತದೋ, ಬಿಸಿಲಿಗೆ ಒಣಗುತ್ತದೋ, ಮುಟ್ಟುವವರು ಯಾರು? ಉತ್ತರ ಒಪ್ಪಿಗೆಯಾಗದಿದ್ದರೆ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದರು.

"ಕಾಕಾ, ಒಂದು ಸ್ವಿಚ್ ಕೇಳಿದ್ರ ಹೆಣ್ಣು ನೋಡಾಕ ಬಂದೋರಂಗ ಕೇಳ್ತೀರಲ್ರಿ" ಎಂದು ಒಮ್ಮೆ ರೇಗಿದೆ.

"ಹೆಣ್ಣು ಕೊಟ್ಟ ಮನಿ ಹೆಂಗೈತಿ ಅಂತ ಕೇಳಬಾರದೇನು?" ಎಂದು ತಿರುಗಿ ಅವರೇ ರೇಗಿದರು.

ಎಲ್ಲ ಒಪ್ಪಿಗೆಯಾದ ಮೇಲೂ ಸಾಮಾನು ಕೈಗೆ ಬರುತ್ತಿರಲಿಲ್ಲ. ನಮ್ಮ ಎದುರಿಗೇ ಸೆಲ್ಲು ಹಾಕಿ, ದೀಪ ಹತ್ತಿಸಿ ತೋರಿಸಬೇಕು. "ಹತ್ತಿತೇನು? ಕಣ್ಣಾರೆ ನೋಡಿದಿ? ಹಂಗಾರ ಹೋಗು." ಬಸ್ಸು ತಪ್ಪಿದರೂ ಸರಿ, ಹೂಂ ಅನ್ನದೆ ಅಲ್ಲಿಂದ ಬಿಡುಗಡೆಯಿಲ್ಲ.

ನಾನು ಟೇಲರ್. ಹೊಸಪೇಟೆಯಲ್ಲಿ ಬ್ಲೌಸು, ಫಾಲ್ಸು, ಪಿಕೋ ಮಾಡುವ ಸಣ್ಣದೊಂದು ಅಂಗಡಿ ನನ್ನದು. ಮನೆ ಗಾದಿಗನೂರಿನ ಹತ್ತಿರ. ಮನೆಯಲ್ಲಿ ನಾನು ಮತ್ತು ನನ್ನ ತಂಗಿ, ಇಬ್ಬರೇ. ಬಲ್ಬಿಗೂ ನನಗೂ ಸಂಬಂಧ ಬಂದದ್ದು ತಂಗಿಯಿಂದ.

ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಸಸಿ ಬೆಳೆಸುವ ನರ್ಸರಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಟೊಮ್ಯಾಟೊ, ಮೆಣಸಿನ ಸಸಿಗಳ ಮೇಲೆ ಅವಳಿಗೆ ಇರುವ ಅಕ್ಕರೆ ನನ್ನ ಮೇಲೂ ಇಲ್ಲ. ಮನೆಯಿಂದ ನರ್ಸರಿಗೆ ದೊಡ್ಡ ರಸ್ತೆಯ ಅಂಚಿನಲ್ಲೇ ನಡೆಯಬೇಕು. ಆ ಬದಿಯಲ್ಲಿ ಯಾವಾಗಲೂ ಲಾರಿಗಳು ಸಾಲಾಗಿ ನಿಂತಿರುವುದರಿಂದ ಅವಳು ಈ ಬದಿಯಲ್ಲೇ ಹೋಗಿಬರುತ್ತಾಳೆ. ಹೀಗಾಗಿ ಸಂಜೆ ಮನೆಗೆ ಬರುವಾಗ ಗಾಡಿಗಳು ಬರುವುದು ಅವಳ ಬೆನ್ನ ಹಿಂದಿನಿಂದ. ಡ್ರೈವರ್ ಹಾರನ್ ಹೊಡೆಯುತ್ತಾನೆ, ಹೊಡೆದಿದ್ದೇನಲ್ಲ, ಸರಿಯುತ್ತಾಳೆ ಅಂದುಕೊಳ್ಳುತ್ತಾನೆ. ಅವಳು ಸರಿಯುವುದಿಲ್ಲ. ಚಳಿಗಾಲದಲ್ಲಿ ಆ ಹೊತ್ತಿಗೆ ಮಬ್ಬು ಕವಿದಿರುತ್ತದೆ.

ಒಂದು ಸಂಜೆ ಅದಿರಿನ ಲಾರಿಯೊಂದು ಅವಳ ಬುತ್ತಿ ಚೀಲವನ್ನು ಹೆಗಲಿನಿಂದ ಕಿತ್ತುಕೊಂಡು ಹೋಯಿತು. ಚೀಲ ಮಾತ್ರ ಹೋಯಿತು, ಅವಳು ಉಳಿದಳು. ಮನೆಗೆ ಬಂದು, ಡಬ್ಬಿ ಹೋಯಿತೆಂದು ಕೈಸನ್ನೆಯಲ್ಲಿ ಹೇಳಿ ನಕ್ಕಳು. ನಾನು ನಗಲಿಲ್ಲ. ಕೆಲಸ ಬಿಡು ಎಂದರೆ ಬಿಡುವವಳಲ್ಲ. ಜೊತೆಗೆ ಓಡಾಡುವುದಕ್ಕೆ ನನ್ನ ಅಂಗಡಿಯ ಹೊತ್ತು ಹೊಂದುವುದಿಲ್ಲ.

ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ತಂಗಿ ತೊಡುವುದು ಅಪ್ಪನ ಹಳೆಯ ಬಿಳಿ ಅಂಗಿ. ಅದರ ಬೆನ್ನಿಗೆ ಮೊದಲು ರೇಡಿಯಂ ಪಟ್ಟಿ ಹೊಲಿದೆ, ಸೈಕಲ್ಲಿಗೆ ಹಚ್ಚುತ್ತಾರಲ್ಲ, ಅಂಥದು. ನಮ್ಮ ರಸ್ತೆಯ ಕೆಂಪು ಧೂಳು ಬಿಡಬೇಕಲ್ಲ. ವಾರ ಕಳೆಯುವಷ್ಟರಲ್ಲಿ ಪಟ್ಟಿ ಯಾವುದು ಅಂಗಿ ಯಾವುದು ಗೊತ್ತಾಗದ ಹಾಗೆ ಎರಡೂ ಒಂದೇ ಬಣ್ಣವಾದವು.

ಅದೇ ದಿನಗಳಲ್ಲಿ ಹೊಲಿಗೆ ಕೆಲಸದ ಹೆಂಗಸರಿಗೆಂದು ನಡೆದ ಒಂದು ತರಬೇತಿಗೆ ಹೋಗಿದ್ದೆ. ಹೊರಗಿನಿಂದ ಬಂದ ಹುಡುಗಿಯೊಬ್ಬಳು ಒಂದು ಡಬ್ಬಿ ಬಿಚ್ಚಿ ತೋರಿಸಿದಳು. ಒಳಗೆ ಗುಂಡಿಯಷ್ಟೇ ದೊಡ್ಡ ಪುಟ್ಟ ದೀಪಗಳು, ಎರಡು ಕಡೆ ಸೂಜಿ ಹೋಗುವಷ್ಟು ತೂತು. ನಾಣ್ಯದಂಥ ಸೆಲ್ಲು, ಅದನ್ನು ಕೂರಿಸಿ ಬಟ್ಟೆಗೆ ಹೊಲಿಯುವ ಮನೆ. ಬೂದು ಬಣ್ಣದ ಸ್ಟೀಲಿನ ದಾರ, ಅದರಲ್ಲಿ ಕರೆಂಟು ಹರಿಯುತ್ತದಂತೆ. ವೈರು ಬೇಡ, ಬೆಸುಗೆ ಬೇಡ, ಸೂಜಿ ಹಿಡಿಯಲು ಬಂದರೆ ಸಾಕು. ಉಳಿದವರು ಮಕ್ಕಳ ಡ್ಯಾನ್ಸಿನ ಬಟ್ಟೆಗೆ ಚೆನ್ನಾಗಿರುತ್ತದೆ ಎಂದು ಮಾತಾಡಿಕೊಂಡರು. ನನಗೆ ಕಂಡದ್ದು ಅಪ್ಪನ ಅಂಗಿಯ ಬೆನ್ನು.

ನೇರ ಕಾಕಾ ಹತ್ತಿರ ಹೋಗಿ, ಕರೆಂಟು ಹರಿಯುವ ದಾರ ಇದೆಯೇ ಎಂದು ಕೇಳಿದೆ. ಕೆಮ್ಮು ಬರುವ ತನಕ ನಕ್ಕರು.

"ದಾರದಾಗ ಕರೆಂಟು? ನಾಳಿ ಹಗ್ಗದಾಗ ನೀರು ತರ್ತೀನಿ ಅಂತಿ."

"ಇರ್ತೈತ್ರಿ ಕಾಕಾ, ನಾ ನೋಡೀನಿ."

"ಯಾಕ ಬೇಕು?"

ಹೇಳಿದೆ. ಬುತ್ತಿ ಚೀಲದ ಕಥೆಯನ್ನೂ ಹೇಳಿದೆ. ನಗು ನಿಂತಿತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಅಂಗಿ ಯಾರು ಒಗಿತಾರ?"

ತಂಗಿಯ ಜೀವದ ಮಾತಾಡುತ್ತಿರುವಾಗ ಈ ಮನುಷ್ಯನಿಗೆ ಬಟ್ಟೆ ಒಗೆಯುವ ಚಿಂತೆ. ಉತ್ತರ ಕೊಡದೆ ಬಂದುಬಿಟ್ಟೆ.

ಫೋನಿನಲ್ಲಿ ಆರ್ಡರ್ ಮಾಡಿ ಸಾಮಾನು ತರಿಸಿದೆ. ಒಂದು ಭಾನುವಾರ ಕೂತು, ಅಂಗಿಯ ಬೆನ್ನಿಗೆ ಎರಡು ಹೆಗಲ ಮೇಲೆ ಎರಡು, ಕೆಳಗೆ ಎರಡು, ನಡುವೆ ಒಂದು ಎಂದು ಕೆಂಪು ದೀಪಗಳನ್ನು ಹೊಲಿದೆ. ನನ್ನ ಕೈ ಹೊಲಿಗೆ ಬಗ್ಗೆ ಯಾರೂ ಬೆರಳು ತೋರಿಸುವಂತಿಲ್ಲ. ನನಗೆ ಹೊಲಿಗೆ ಕಲಿಸಿದವರು ಎರಡು ಪಾಠ ಹೊಡೆದು ಕಲಿಸಿದ್ದರು. ಒಂದು, ನಡುವೆ ದಾರ ಕತ್ತರಿಸಬಾರದು, ಒಂದು ಹೂವಿನಿಂದ ಇನ್ನೊಂದಕ್ಕೆ ಬಟ್ಟೆಯ ಒಳಗಿನಿಂದಲೇ ದಾಟಿಸಬೇಕು. ಎರಡು, ಹೋದ ಹೊಲಿಗೆಯ ಮೇಲೆಯೇ ತಿರುಗಿ ಬಂದು ಗಂಟು ಹಾಕಬೇಕು, ಆಗ ಬಿಚ್ಚುವುದಿಲ್ಲ. ಎರಡನ್ನೂ ಚಾಚೂ ತಪ್ಪದೆ ಪಾಲಿಸಿದೆ. ಸೆಲ್ಲು ಹಾಕಿದರೆ ಒಂದು ದೀಪವೂ ಹತ್ತಲಿಲ್ಲ. ಸೆಲ್ಲು ಮಾತ್ರ ಬೆಚ್ಚಗಾಯಿತು.

ಮರುದಿನ ಕೋಪ ನುಂಗಿಕೊಂಡು ಕಾಕಾ ಅಂಗಡಿಗೆ ಹೋದೆ. ಅವರು ಮೊದಲು ಸೆಲ್ಲು ತೆಗೆದು ಅದರ ಅಂಚನ್ನು ನಾಲಿಗೆಗೆ ಮುಟ್ಟಿಸಿದರು.

"ಹುಳಿ ಐತಿ. ಸೆಲ್ಲು ಚಲೋ ಐತಿ."

ಆಮೇಲೆ ಅಂಗಿಯನ್ನು ಒಳಮೈ ಹೊರಗೆ ಮಾಡಿ, ನನ್ನ ಹೊಲಿಗೆಯನ್ನು ಉಗುರಿನಿಂದ ಎತ್ತಿ ಎತ್ತಿ ನೋಡಿದರು.

"ಕೈಗೆಲಸ ಭಾಳ ಚೆಂದ ಐತಿ ಯವ್ವಾ. ಚೆಂದ ಮಾಡಾಕ ಹೋಗಿ ಹೋಗೋ ದಾರಿ, ಬರೋ ದಾರಿ ಎರಡೂ ಒಂದ ಮಾಡೀದಿ. ಕರೆಂಟು ಬಲ್ಬಿಗ್ಯಾಕ ಹೋಗ್ತೈತಿ? ಅಡ್ಡದಾರಿ ನೀನ ಕೊಟ್ಟೀದಿ, ಹಂಗ ಮನಿಗೆ ವಾಪಸ್ ಬಂದೈತಿ."

"ದಾರ ಹರಿದು ಹೊಲಿದ್ರ ಬಿಚ್ಚತೈತ್ರಿ."

"ಹರಿ. ಬಿಚ್ಚಿದ್ರ ಬಿಚ್ಚಲಿ."

ಟೇಲರಿಗೆ ಹೇಳುವ ಮಾತೇ ಇದು? ಆದರೂ ಎಲ್ಲ ಬಿಚ್ಚಿ, ಒಂದು ಕಡೆಯ ತೂತುಗಳಿಗೆಲ್ಲ ಒಂದು ದಾರ, ಇನ್ನೊಂದು ಕಡೆಗೆ ಬೇರೆ ದಾರ, ಎರಡೂ ಎಲ್ಲಿಯೂ ತಾಗದ ಹಾಗೆ ಹೊಲಿದೆ. ಆದರೂ ಹತ್ತಲಿಲ್ಲ. ಅಭ್ಯಾಸಬಲ, ಕಾಲರಿನ ಹತ್ತಿರ ಎರಡು ತುದಿಗಳನ್ನೂ ಸೇರಿಸಿ ಅಂದದ ಒಂದು ಗಂಟು ಹಾಕಿದ್ದೆ. ಕಾಕಾ ಆ ಗಂಟನ್ನು ತೋರಿಸಿ ಕೌಂಟರ್ ಕುಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಹತ್ತಿತು. ಸೆಲ್ಲಿನ ಹತ್ತಿರದವು ಚೆನ್ನಾಗಿ ಹತ್ತಿದವು, ನಡುವಿನದು ಮಾತ್ರ ಮಂಕಾಗಿತ್ತು, ಅದಕ್ಕೆ ಹೋಗುವ ದಾರ ಎಲ್ಲಕ್ಕಿಂತ ಉದ್ದ ಸುತ್ತಿತ್ತು. ಕಾಕಾಗೆ ಇಷ್ಟು ಸಾಕಾಯಿತು. "ದಾರ ದಾರನ, ತಂತಿ ತಂತಿನ" ಎಂದು ಶುರು ಮಾಡಿದರು. ತಂತಿ ಗಟ್ಟಿ, ಬಟ್ಟೆ ಮಡಚಿದರೆ ಮುರಿಯುತ್ತದೆ, ಬೆನ್ನಿಗೆ ಚುಚ್ಚುತ್ತದೆ ಎಂದು ನಾನು. ದಾರದಲ್ಲಿ ಕರೆಂಟು ಸುಸ್ತಾಗುತ್ತದೆ ಎಂದು ಅವರು. ಮಾತಿಗೆ ಮಾತು ಬೆಳೆಯುತ್ತಿರುವಾಗಲೇ ಅವರು ಬೆಸುಗೆ ಹಾಕುವ ಕಡ್ಡಿ ಕಾಯಿಸಿ, ಅಂಗಿಯನ್ನು ಕೌಂಟರಿನ ಮೇಲೆ ಹಾಸಿಕೊಂಡು, ನಡುವಿನ ದೀಪಕ್ಕೆ ತಂತಿ ಬೆಸೆಯತೊಡಗಿದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಬಟ್ಟೆ ಸುಟ್ಟ ವಾಸನೆ ಬಂತು. ಅಪ್ಪನ ಅಂಗಿಯ ಬೆನ್ನಿನ ಮಧ್ಯದಲ್ಲಿ ಹುಣಸೆ ಬೀಜದಷ್ಟು ತೂತು.

ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದಿದ್ದ ಅಂಗಿ ಅದೊಂದೇ. ಕಾಕಾ ತೂತನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಳಿ ಆಡ್ತೈತಿ ಬಿಡು."

ಅಂಗಡಿಯಿಂದ ಹೊರಗೆ ಬಂದು, ಇನ್ನು ಈ ಗಲ್ಲಿಗೆ ಕಾಲಿಡುವುದಿಲ್ಲ ಎಂದುಕೊಂಡೆ. ಮನೆಗೆ ಹೋಗಿ ತೂತಿನ ಮೇಲೆ ತೇಪೆ ಹಾಕಿ, ಅದರ ಸುತ್ತ ಒಂದು ಹೂವು ಕಸೂತಿ ಮಾಡಿದೆ. ದೀಪ ಹಚ್ಚಿ ನೋಡಿದರೆ ಅವರು ತಂತಿ ಬೆಸೆದ ನಡುವಿನದೇ ಎಲ್ಲಕ್ಕಿಂತ ಜೋರಾಗಿ ಉರಿಯುತ್ತಿತ್ತು. ಮತ್ತಷ್ಟು ಸಿಟ್ಟು ಬಂತು.

ಕಾಲಿಡುವುದಿಲ್ಲ ಎಂದವಳು ಕಾಲಿಡಬೇಕಾಯಿತು, ಯಾಕೆಂದರೆ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಸ್ಟೀಲಿನ ದಾರ ಮುಗಿದಿತ್ತು, ಹೊಲಿಗೆ ಗಟ್ಟಿ ಮಾಡಲು ಇನ್ನೊಂದು ಸುತ್ತು ಬೇಕಿತ್ತು. ಪಾರ್ಸಲ್ ಬರುವುದು ತಡ. ಅಜ್ಜಿಯ ಸೀರೆಯ ಸೆರಗಿನಿಂದ ಉಳಿದ ಜರಿಯ ತುಂಡೊಂದು ನನ್ನ ಹತ್ತಿರ ಇತ್ತು. ಲೋಹದ ಎಳೆಯಲ್ಲವೇ, ನೋಡೋಣ ಎಂದು ಒಯ್ದೆ. ಕಾಕಾ ಕರೆಂಟು ಹರಿಯುತ್ತದೋ ಎಂದು ನೋಡುವ ಮೀಟರಿನ ಎರಡು ಕಡ್ಡಿಗಳನ್ನು ಜರಿಯ ಎರಡು ತುದಿಗೆ ಮುಟ್ಟಿಸಿದರು. ಮೀಟರ್ ಪೀಂ ಎಂದು ಕೂಗಿತು. ನನ್ನ ಅಂಗಡಿಯ ಹೊಸ ಜರಿ ರೀಲಿಗೆ ಮುಟ್ಟಿಸಿದರೆ ಸದ್ದೇ ಇಲ್ಲ. ಆ ಮುದುಕನ ಕಣ್ಣು ಮಿಂಚಿದ್ದನ್ನು ನೋಡಿದಾಗಲೇ ನಾನು ಎಚ್ಚರಾಗಬೇಕಿತ್ತು.

"ನಡಿ ಬಜಾರಕ್ಕ" ಎಂದು ಮೀಟರ್ ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಹೋಗಿದ್ದು ದೊಡ್ಡದೊಂದು ಸೀರೆ ಅಂಗಡಿಗೆ. ನನಗೆ ಫಾಲ್ಸು ಕೆಲಸ ಕೊಡುತ್ತಿದ್ದ ಅಂಗಡಿ ಅದು. ಬೇರೆಲ್ಲಿಗಾದರೂ ಹೋಗೋಣ ಎಂದು ಕಣ್ಸನ್ನೆ ಮಾಡಿದರೂ ಇವರು ನೋಡಲಿಲ್ಲ. ಕಂಪ್ಲಿಯಿಂದ ಮದುವೆ ಸೀರೆ ತೆಗೆಯಲು ಬಂದ ಒಂದು ಮನೆಮಂದಿ ಗಾದಿಯ ಮೇಲೆ ಕುಳಿತಿದ್ದರು. ಅವರ ಮುಂದೆ ಹಾಸಿದ್ದ ಸೀರೆಯ ಅಂಚಿಗೆ ಕಾಕಾ ಹೋದವರೇ ಕಡ್ಡಿ ಚುಚ್ಚಿದರು. ಸದ್ದಿಲ್ಲ. ಇನ್ನೊಂದಕ್ಕೆ ಚುಚ್ಚಿದರು. ಸದ್ದಿಲ್ಲ.

"ಏನ್ರಿ ಅದು?" ಎಂದಳು ಮದುಮಗಳ ತಾಯಿ.

"ಲೋಹದ ಜರಿ ಇದ್ರ ಕೂಗತೈತ್ರಿ. ಪ್ಲಾಸ್ಟಿಕ್ ಇದ್ರ ಸುಮ್ಮನಿರ್ತೈತಿ" ಎಂದು ಕಾಕಾ ಪಾಠ ಹೇಳುವ ಧಾಟಿಯಲ್ಲಿ ಹೇಳಿದರು.

"ಅಸಲಿ ಜರಿ ಅಂದ್ರಲ್ರಿ ನೀವು!" ಎಂದು ಆಕೆ ಸೇಲ್ಸ್‌ಮನ್ ಕಡೆ ತಿರುಗಿದಳು. "ಯಜಮಾನ್ರ, ಇದನ್ನೂ ನೋಡ್ರಿ, ಅದನ್ನೂ ನೋಡ್ರಿ."

ಕಾಕಾ ಕರೆಸಿಕೊಂಡು ಬಂದ ಡಾಕ್ಟರರ ಹಾಗೆ ಸೆರಗು ಹಿಡಿದು ಒಂದೊಂದೇ ಸೀರೆ ನೋಡತೊಡಗಿದರು. ಮಾಲೀಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಅವರ ಕಣ್ಣು ಕಾಕಾ ಮೇಲೆ ಬೀಳಲಿಲ್ಲ, ಬಾಗಿಲಲ್ಲಿ ನಿಂತ ನನ್ನ ಮೇಲೆ ಬಿತ್ತು. ಆ ಅಂಗಡಿಯ ಕೆಲಸ ನನಗೆ ಅಂದಿಗೆ ಮುಗಿಯಿತು.

ದಾರಿಯುದ್ದಕ್ಕೂ ಅವರಿಗೆ ಬೈದೆ. ಎಲ್ಲ ಕೇಳಿಸಿಕೊಂಡು, "ಮೀಟರ್ ಸುಳ್ಳು ಹೇಳಂಗಿಲ್ಲ ಯವ್ವಾ, ನಾ ಏನು ಮಾಡ್ಲಿ?" ಎಂದರು. ಇಷ್ಟೆಲ್ಲ ಆಗಿ ಅಜ್ಜಿಯ ಜರಿ ಉಪಯೋಗಕ್ಕೂ ಬರಲಿಲ್ಲ, ಸೂಜಿಯ ಕಣ್ಣಿನಲ್ಲಿ ಎರಡು ಸಲ ಎಳೆದರೆ ಎಳೆ ಬಿಟ್ಟುಕೊಳ್ಳುತ್ತಿತ್ತು. ಪಾರ್ಸಲ್ಲಿಗೇ ಕಾಯಬೇಕಾಯಿತು.

ದಾರ ಬಂತು, ಅಂಗಿ ಸಿದ್ಧವಾಯಿತು. ಆಗ ಕಾಕಾ ಮತ್ತೆ ಅದೇ ಪ್ರಶ್ನೆ ತೆಗೆದರು, ಅಂಗಿ ಯಾರು ಒಗಿತಾರ? ಅವಳೇ ಒಗೆಯುತ್ತಾಳೆ, ಕಾಲುವೆಯಲ್ಲಿ, ಇನ್ನೇನು ಬೇಕು ನಿಮಗೆ ಎಂದೆ. ಹೆಂಗ ಒಗಿತಾಳ ಎಂದರು. ನನಗೆ ಸಾಕುಸಾಕಾಗಿ, ಬಂದು ನೋಡಿರಿ ಎಂದುಬಿಟ್ಟೆ. ಬಂದೇಬಿಟ್ಟರು. ಭಾನುವಾರ ಬೆಳಗ್ಗೆ ಮೊಪೆಡ್ಡಿನ ಮೇಲೆ ನಮ್ಮೂರಿಗೆ ಬಂದು, ಕಾಲುವೆಯ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು ಕುಳಿತು, ನನ್ನ ತಂಗಿ ಬಟ್ಟೆ ಒಗೆಯುವುದನ್ನು ನೋಡಿದರು. ನೀರಿಗೆ ಬಂದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಂಗಿ ಎಲ್ಲ ಕೆಲಸವನ್ನೂ ಮನಸ್ಸಿಟ್ಟು ಮಾಡುವವಳು. ಅಂಗಿಯನ್ನು ಹಿಂಡಿ, ಹಗ್ಗದಂತೆ ಹೊಸೆದು, ತಲೆಯ ಮೇಲೆತ್ತಿ ಕಲ್ಲಿಗೆ ಬಡಿದಳು. ಇನ್ನೊಮ್ಮೆ ಬಡಿದಳು. ಕಾಕಾ ನನ್ನ ಕಡೆ ತಿರುಗಿ, "ನಿನ್ನ ಬಲ್ಬಿನ ಗತಿ ಏನು?" ಎಂದರು.

ಹೀಗೆ ಎಲ್ಲ ಮತ್ತೊಮ್ಮೆ ಬಿಚ್ಚಬೇಕಾಯಿತು. ಸುಟ್ಟ ಜಾಗದ ಹೂವು, ಅದರ ತಂತಿಯ ದೀಪ ಸೇರಿಸಿ ಅಪ್ಪನ ಅಂಗಿಯ ಬೆನ್ನಿನ ಚೌಕವನ್ನೇ ಕತ್ತರಿಸಿ ಒಂದು ಪಟ್ಟಿ ಮಾಡಿದೆವು. ದೀಪಗಳೆಲ್ಲ ಆ ಪಟ್ಟಿಯ ಮೇಲೆ, ಅಂಗಿಗೆ ಆ ಜಾಗದಲ್ಲಿ ಬೇರೆ ಬಟ್ಟೆ. ಪಟ್ಟಿಯನ್ನು ಅಂಗಿಗೆ ಟಿಚ್ ಬಟನ್ನಿನಿಂದ ಕೂರಿಸಿದೆ. ಒತ್ತಿದರೆ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. ಟಿಚ್ ಬಟನ್ ಲೋಹದ್ದು, ಕರೆಂಟೂ ಅದರಲ್ಲೇ ದಾಟುವಂತೆ ಮಾಡಬಹುದು ಎಂದು ಹೇಳಿದವಳು ನಾನು. ಕಾಕಾ ಒಪ್ಪಿದರು, ಮರುದಿನ ಅಂಗಡಿಗೆ ಬಂದವರಿಗೆಲ್ಲ ಅದು ತಮ್ಮದೇ ಯೋಚನೆ ಎಂದು ಹೇಳಿಕೊಂಡರು. ನಾಣ್ಯದ ಸೆಲ್ಲು ಬೇಗ ಮುಗಿಯುತ್ತದೆಂದು ಎರಡು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿದ್ದು ಮಾತ್ರ ಅವರದೇ ಯೋಚನೆ. ಅದನ್ನು ಒಪ್ಪಿಕೊಳ್ಳುತ್ತೇನೆ.

ನನ್ನ ಜೊತೆ ಇಷ್ಟು ಹಟ ಮಾಡುತ್ತಿದ್ದ ಮನುಷ್ಯ ತಂಗಿಯ ಎದುರು ಬೇರೆಯೇ ಆಗಿಬಿಡುತ್ತಿದ್ದರು. ಅವಳು ಅಂಗಡಿಗೆ ಬಂದರೆ ಕೌಂಟರಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದಳು. ಅವರು ಉಗುರಿನಿಂದ ಹಲಗೆ ಕುಟ್ಟುತ್ತಿದ್ದರು. ಆ ಸದ್ದು ಅವಳಿಗೆ ಅಂಗೈಯಿಂದ ತಿಳಿಯುತ್ತಿತ್ತು. ಅವಳೂ ಬೆರಳಿನಿಂದ ತಿರುಗಿ ಕುಟ್ಟುತ್ತಿದ್ದಳು. ಇಬ್ಬರೂ ಏನೋ ದೊಡ್ಡ ಹರಟೆ ಹೊಡೆದವರ ಹಾಗೆ ನಗುತ್ತಿದ್ದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಅಲ್ಲೇ ಚಡಪಡಿಸುತ್ತ ನಿಂತಿರುತ್ತಿದ್ದೆ.

ಇಷ್ಟು ಮಾಡಿದ ಮೇಲೆ ತಂಗಿ ಅಂಗಿ ತೊಡುವುದಿಲ್ಲ ಎಂದಳು. ಮೂಗಿನ ಮುಂದೆ ಕೈ ಇಳಿಬಿಟ್ಟು ಸೊಂಡಿಲು ಮಾಡಿ, ಸುತ್ತ ಮಿಣಿಮಿಣಿ ಎಂದು ಬೆರಳು ಆಡಿಸಿದಳು. ನಾನೇನು ಗಣಪತಿ ಮಂಟಪವೇ ಎಂದು ಕೇಳುತ್ತಿದ್ದಳು. ಬೈದೆ, ಅತ್ತೆ, ಕಾಲು ಹಿಡಿಯುವುದೊಂದು ಬಾಕಿ. ಕಾಕಾಗೆ ಫೋನ್ ಮಾಡಿ, ನಿಮ್ಮಿಂದಲೇ ಇಷ್ಟೆಲ್ಲ, ನೀವೇ ಬಂದು ಹೇಳಿರಿ ಎಂದು ಕೂಗಾಡಿದೆ. ಅದು ತಮ್ಮಿಂದ ಹೇಗಾಯಿತು ಎಂದು ಅವರು ಕೇಳಲಿಲ್ಲ.

ಸಂಜೆ ಬಂದರು. ಅಂಗಿಯನ್ನು ತಾವೇ ತೊಟ್ಟುಕೊಂಡು, ಸ್ವಿಚ್ಚು ಒತ್ತಿ, ದೊಡ್ಡ ರಸ್ತೆಗೆ ಇಳಿದರು. ಮಬ್ಬು ಕವಿದಿತ್ತು. ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ನಾನು "ಕಾಕಾ, ಬ್ಯಾಡ್ರಿ, ಬರ್ರಿ ಈಚಿಗೆ" ಎಂದು ಅರಚಿದೆ. ಅವರು ತಿರುಗಿ ನೋಡಲಿಲ್ಲ. ಕಿವಿ ಕೇಳದವರ ಹಾಗೆ, ರಸ್ತೆಯ ಅಂಚಿನಲ್ಲಿ, ತಂಗಿ ನಡೆಯುವ ಜಾಗದಲ್ಲೇ, ಅವಳಷ್ಟೇ ನಿಧಾನ ನಡೆದರು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮೊದಲ ಲಾರಿ ದೂರದಲ್ಲೇ ವೇಗ ಕಡಿಮೆ ಮಾಡಿತು. ರಸ್ತೆಯ ನಡುವಿಗೆ ಸರಿದು, ಅವರಿಗೆ ಜಾಗ ಬಿಟ್ಟು ಹೋಯಿತು. ಎರಡನೆಯದೂ ಹಾಗೇ ಹೋಯಿತು. ಮೂರನೆಯ ಲಾರಿಯ ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕಜ್ಜ, ಮದಿವಿ ಮೆರವಣಿಗೀನಾ?" ಎಂದು ಕೂಗಿದ. ಕಾಕಾ ಕೈಯೆತ್ತಿ ಆಶೀರ್ವಾದ ಮಾಡಿದರು.

ವಾಪಸ್ ಬಂದು, ಅಂಗಿ ಕಳಚಿ ತಂಗಿಯ ಕೈಗೆ ಕೊಟ್ಟರು. ತಮ್ಮ ಕಣ್ಣು ತೋರಿಸಿ, ಅವಳ ಕಣ್ಣು ತೋರಿಸಿದರು. ಕಣ್ಣಾರೆ ನೋಡಿದಿ? ಅವಳು ಹೂಂ ಎಂದು ತಲೆಯಾಡಿಸಿದಳು. ಮರುದಿನದಿಂದ ಅಂಗಿ ತೊಟ್ಟುಕೊಂಡೇ ಹೋದಳು, ಇವತ್ತಿಗೂ ಹೋಗುತ್ತಾಳೆ. ಪ್ರಾಣ ಪಣಕ್ಕಿಟ್ಟು ಹೀಗೆಲ್ಲ ಮಾಡುವ ಅಗತ್ಯ ಏನಿತ್ತು ಎಂದು ನಾನು ಅವರಿಗೆ ಬೈದೆ. ಚಹಾ ಮಾಡು ಎಂದರು.

ಅವರ ಕೆಮ್ಮು ಹೋದ ವರ್ಷ ಜೋರಾಯಿತು. ಡಾಕ್ಟರಿಗೆ ತೋರಿಸಿ ಎಂದರೆ ಕೇಳುವ ಪೈಕಿಯೇ ಅಲ್ಲ. ಕೊನೆಗೆ ಪಕ್ಕದ ಚಹಾ ಅಂಗಡಿಯವರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ನಾನೂ ತಂಗಿಯೂ ನೋಡಲು ಹೋದೆವು. ಹೆಬ್ಬೆರಳು ಮುಂದೆ ಚಾಚಿ ತೋರಿಸಿದರು. ಉಗುರು ಇರಲಿಲ್ಲ. ಸ್ವಚ್ಛ ಮಾಡುವಾಗ ಯಾರೋ ಕತ್ತರಿಸಿದ್ದರು.

"ನನ್ನ ಅರ್ಧ ಅಂಗಡಿ ಕತ್ತರಿಸಿ ಒಗೆದ್ರು ನೋಡವ್ವ" ಎಂದರು.

ತಂಗಿ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಅಂಗೈ ಇಟ್ಟಳು. ಅವರು ಬೋಳು ಬೆರಳಿನಿಂದ ಅದನ್ನು ಕುಟ್ಟಿದರು. ನನಗೆ ಏನೂ ಕೇಳಿಸಲಿಲ್ಲ. ಅವಳು ಕೈ ತೆಗೆಯದೆ ಬಹಳ ಹೊತ್ತು ಹಾಗೇ ನಿಂತಿದ್ದಳು.

ಅದೇ ವಾರ ಹೋದರು. ಸಂಡೂರು ರಸ್ತೆಯ ಪಕ್ಕದಲ್ಲಿ ಅವರದೊಂದು ತುಂಡು ಹೊಲವಿತ್ತು, ಮಣ್ಣು ಮಾಡುವುದು ಅಲ್ಲಿಯೇ ಎಂದಾಯಿತು. ದೂರದ ನೆಂಟರಿಗೆ ಕಾದು, ಎತ್ತುವಾಗ ಸಂಜೆಯಾಗಿತ್ತು. ನಮ್ಮ ಕಡೆ ಹೆಂಗಸರೂ ಮಣ್ಣಿಗೆ ಹೋಗುತ್ತೇವೆ. ಮುಂದೆ ಭಜನೆಯವರು, ಆಮೇಲೆ ಹೆಗಲು ಕೊಟ್ಟವರು, ಹಿಂದೆ ನಾವೆಲ್ಲ. ರಸ್ತೆ ಕಿರಿದು, ಗುಡ್ಡದ ಕಡೆಯಿಂದ ಬೇಗ ಕತ್ತಲಾಗುತ್ತಿತ್ತು. ಹಿಂದಿನಿಂದ ಲಾರಿಗಳ ಸದ್ದು ಕೇಳಿ ಜನ ಗಡಿಬಿಡಿಯಿಂದ ಅಂಚಿಗೆ ಸರಿಯತೊಡಗಿದರು. ಹೆಗಲು ಕೊಟ್ಟವರ ಹೆಜ್ಜೆ ತಪ್ಪುತ್ತಿತ್ತು.

ಆಗ ತಂಗಿ ನನ್ನ ಪಕ್ಕದಲ್ಲಿ ಇಲ್ಲದಿರುವುದು ಗೊತ್ತಾಯಿತು. ತಿರುಗಿ ನೋಡಿದೆ. ಅವಳು ಎಲ್ಲರಿಗಿಂತ ಹಿಂದೆ, ರಸ್ತೆಯ ನಡುವೆ ಒಬ್ಬಳೇ ನಡೆಯುತ್ತಿದ್ದಳು. ಚೀಲದಲ್ಲಿ ತಂದಿದ್ದ ಅಪ್ಪನ ಅಂಗಿಯನ್ನು ಯಾವಾಗ ತೊಟ್ಟಳೋ. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ಹಿಂದೆ ಲಾರಿಗಳು ಸಾಲುಗಟ್ಟಿ ನಿಂತು ನಿಂತು ಬರುತ್ತಿದ್ದವು. ಹಾರನ್ ಹೊಡೆದವರು ಹೊಡೆದೇ ಹೊಡೆದರು. ಅವಳಿಗೆ ಕೇಳಿಸಲಿಲ್ಲ, ಅವಳು ಸರಿಯಲಿಲ್ಲ. ಕಾಕಾ ತಮ್ಮ ಹೊಲದ ತನಕ ಯಾವ ಗಡಿಬಿಡಿಯೂ ಇಲ್ಲದೆ ಹೋದರು.

ನಾನು ಅವಳ ಹತ್ತಿರ ಹೋಗಿ ಬೆನ್ನು ನೋಡಿದೆ. ಬೇಗ ಸಿಕ್ಕಿಸಿಕೊಂಡಿದ್ದಕ್ಕೋ ಏನೋ, ನಾನು ದಾರದಲ್ಲಿ ಹೊಲಿದ ದೀಪಗಳಲ್ಲಿ ಎರಡು ಆರಿದ್ದವು, ಒಂದು ಮಿಣುಕುತ್ತಿತ್ತು. ನಡುವೆ, ಸುಟ್ಟ ತೂತಿನ ಮೇಲಿನ ಹೂವಿನಲ್ಲಿ, ಅವರ ತಂತಿಯ ದೀಪ ಮಾತ್ರ ಜೋರಾಗಿ ಉರಿಯುತ್ತಿತ್ತು. ಇಷ್ಟು ವರ್ಷ ವಾದ ಮಾಡಿ, ಈಗ ಹೀಗೆ ಗೆದ್ದುಬಿಟ್ಟಿದ್ದರು. ದಾರ ಸರಿಯಾಗಿಯೇ ಇದೆ, ಆ ಕಡೆಯ ಟಿಚ್ ಬಟನ್ ಕೂತಿಲ್ಲ ಅಷ್ಟೇ ಎಂದು ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳುವುದು? ಬೆಳಗಿನಿಂದ ಬಾರದ ಅಳು ನನಗೆ ಆಗ ಬಂತು.